ಹಂಚಿದ ಗ್ರಾಫ್‌ನಲ್ಲಿ ಕಿರುದಾರಿಯ ಲೆಕ್ಕ: ಕೊಡಗಿನ ರಸ್ತೆಗಳ ಉದಾಹರಣೆಯೊಂದಿಗೆ

ಒಂದು ಊರಿನಿಂದ ಉಳಿದೆಲ್ಲ ಊರುಗಳಿಗೆ ಅತಿ ಕಡಿಮೆ ವೆಚ್ಚದ ದಾರಿ ಯಾವುದು ಎಂಬ ಪ್ರಶ್ನೆಗೆ ತರಗತಿಯಲ್ಲಿ ನಾವು ಮೊದಲು ಕಲಿಯುವ ಉತ್ತರ, ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ. ಊರುಗಳನ್ನು ಶೃಂಗಗಳೆಂದೂ ಅವನ್ನು ಜೋಡಿಸುವ ರಸ್ತೆಗಳನ್ನು ಅಂಚುಗಳೆಂದೂ ಕರೆದರೆ, ಇವೆರಡೂ ಸೇರಿದ ಜಾಲವೇ ಗ್ರಾಫ್; ಒಂದು ಅಂಚಿನಲ್ಲಿ ಸಾಗುವ ವೆಚ್ಚ ಅದರ ಭಾರ. ಇನ್ನೂ ಇತ್ಯರ್ಥವಾಗದ ಶೃಂಗಗಳಲ್ಲಿ ಅತಿ ಸಮೀಪದ್ದನ್ನು ಆರಿಸಿ, ಅದರ ದೂರವನ್ನು ಅಂತಿಮವೆಂದು ಗುರುತಿಸಿ, ಅದರ ನೆರೆಯ ಶೃಂಗಗಳ ದೂರವನ್ನು ತಿದ್ದುತ್ತ ಹೋಗುವ ಈ ವಿಧಾನದ ಬಲವೆಲ್ಲ ಅಡಗಿರುವುದು, ಅತಿ ಸಮೀಪದ ಶೃಂಗ ಯಾವುದೆಂಬುದು ಪ್ರತಿ ಹೆಜ್ಜೆಯಲ್ಲೂ ಖಚಿತವಾಗಿ ಗೊತ್ತಿರುವುದರಲ್ಲಿ. ಗ್ರಾಫ್ ನೂರಾರು ಯಂತ್ರಗಳಲ್ಲಿ ಹಂಚಿಹೋದಾಗ ಆ ಒಂದು ತಿಳಿವಳಿಕೆಯೇ ದುಬಾರಿಯಾಗುತ್ತದೆ. ಒಂದೊಂದು ಶೃಂಗವನ್ನು ಆರಿಸುವುದಕ್ಕೂ ಎಲ್ಲ ಯಂತ್ರಗಳು ಪರಸ್ಪರ ವಿಚಾರಿಸಿಕೊಳ್ಳಬೇಕು, ಆರಿಸಿದ ಮೇಲೆ ಒಂದೆರಡನ್ನು ಬಿಟ್ಟು ಉಳಿದವು ಸುಮ್ಮನೆ ಕಾಯಬೇಕು. ಆದ್ದರಿಂದ ಹಂಚಿಕೆಯ ವ್ಯವಸ್ಥೆಗಳು ಆ ಕ್ರಮವನ್ನೇ ಬಿಟ್ಟುಕೊಟ್ಟು, ಅದರ ಬದಲಿಗೆ ತಾತ್ಕಾಲಿಕ ಉತ್ತರಗಳನ್ನು ಒಪ್ಪಿ ಆಮೇಲೆ ತಿದ್ದುವ ಶ್ರಮವನ್ನು ಹೊರುತ್ತವೆ. ಮುಂದಿನದೆಲ್ಲ ಈ ವಿನಿಮಯವನ್ನು ಅರ್ಥಮಾಡಿಕೊಳ್ಳುವ ಪ್ರಯತ್ನ.

ಈ ಬಗೆಯ ವ್ಯವಸ್ಥೆಗಳಿಗೆ ಮಾದರಿಯಾದದ್ದು ಗೂಗಲ್ ಸಂಸ್ಥೆಯವರು 2010ರಲ್ಲಿ ವಿವರಿಸಿದ ಪ್ರೆಗೆಲ್. 1736ರಲ್ಲಿ ಆಯ್ಲರ್ ಬಿಡಿಸಿದ ಏಳು ಸೇತುವೆಗಳ ಸಮಸ್ಯೆಯ ನದಿಯ ಹೆಸರೇ ಅದಕ್ಕೆ ಬಂದಿದೆ. ಲೆಸ್ಲಿ ವೇಲಿಯಂಟ್ 1990ರಲ್ಲಿ ಮಂಡಿಸಿದ ಸಮಾಂತರ ಗಣನೆಯ ಮಾದರಿಯನ್ನು ಅದು ಅನುಸರಿಸುತ್ತದೆ: ಕೆಲಸ ಸೂಪರ್‌ಸ್ಟೆಪ್ ಎಂಬ ಸುತ್ತುಗಳಾಗಿ ಸಾಗುತ್ತದೆ, ಒಂದು ಸೂಪರ್‌ಸ್ಟೆಪ್‌ನಲ್ಲಿ ಕಳುಹಿಸಿದ ಸಂದೇಶ ಮುಂದಿನದರಲ್ಲಿ ತಲುಪುತ್ತದೆ, ಎಲ್ಲ ಯಂತ್ರಗಳೂ ಮುಗಿಸುವವರೆಗೆ ಯಾರೂ ಮುಂದಕ್ಕೆ ಹೋಗುವಂತಿಲ್ಲ. ಪ್ರೋಗ್ರಾಮನ್ನು ಒಂದೇ ಶೃಂಗದ ದೃಷ್ಟಿಯಿಂದ ಬರೆಯುತ್ತೇವೆ. ಶೃಂಗವು ತನಗೆ ಬಂದ ದೂರಗಳಲ್ಲಿ ಕನಿಷ್ಠವನ್ನು ತೆಗೆದುಕೊಳ್ಳುತ್ತದೆ; ಅದು ತನ್ನಲ್ಲಿರುವ ಬೆಲೆಗಿಂತ, ಎಂದರೆ ಮೂಲದಿಂದ ತನಗೆ ಈವರೆಗೆ ತಿಳಿದ ಕನಿಷ್ಠ ದೂರಕ್ಕಿಂತ, ಕಡಿಮೆಯಾಗಿದ್ದರೆ ಬೆಲೆಯನ್ನು ಬದಲಿಸಿ, ಪ್ರತಿ ನೆರೆಗೂ ತನ್ನ ಬೆಲೆಗೆ ಆ ಅಂಚಿನ ಭಾರವನ್ನು ಕೂಡಿಸಿ ಕಳುಹಿಸುತ್ತದೆ; ಬಳಿಕ ನಿಷ್ಕ್ರಿಯವಾಗುತ್ತದೆ. ಹೊಸ ಸಂದೇಶ ಬಂದರೆ ಮತ್ತೆ ಎಚ್ಚರಗೊಳ್ಳುತ್ತದೆ. ಎಲ್ಲ ಶೃಂಗಗಳೂ ನಿಷ್ಕ್ರಿಯವಾಗಿ, ದಾರಿಯಲ್ಲಿ ಸಂದೇಶವೊಂದೂ ಉಳಿಯದಿದ್ದಾಗ ಲೆಕ್ಕ ಮುಗಿಯಿತು.

ಇದನ್ನು ಕೊಡಗಿನ ಎಂಟು ಊರುಗಳ ಮೇಲೆ ಕೈಯಾರೆ ನಡೆಸಿ ನೋಡುವುದು ಒಳ್ಳೆಯದು. ಮಳೆಗಾಲದ ಪ್ರಯಾಣವನ್ನು ನಿಮಿಷಗಳಲ್ಲಿ ಹೀಗೆ ಊಹಿಸಿಕೊಳ್ಳೋಣ. ಅಂಕಿಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು. ಮಡಿಕೇರಿ–ಸುಂಟಿಕೊಪ್ಪ 25, ಮಡಿಕೇರಿ–ಮೂರ್ನಾಡು 25, ಮಡಿಕೇರಿ–ಚೆಟ್ಟಳ್ಳಿ 50, ಸುಂಟಿಕೊಪ್ಪ–ಚೆಟ್ಟಳ್ಳಿ 15, ಸುಂಟಿಕೊಪ್ಪ–ಕುಶಾಲನಗರ 25, ಚೆಟ್ಟಳ್ಳಿ–ಸಿದ್ದಾಪುರ 25, ಮೂರ್ನಾಡು–ವಿರಾಜಪೇಟೆ 30, ಸಿದ್ದಾಪುರ–ವಿರಾಜಪೇಟೆ 35, ವಿರಾಜಪೇಟೆ–ಗೋಣಿಕೊಪ್ಪ 30. ಮೂಲ ಮಡಿಕೇರಿ, ಅದರ ಬೆಲೆ 0, ಉಳಿದೆಲ್ಲವುಗಳದ್ದು ಅನಂತ.

ಸೂಪರ್‌ಸ್ಟೆಪ್ 0ರಲ್ಲಿ ಮಡಿಕೇರಿ ಮಾತ್ರ ಸಂದೇಶ ಕಳುಹಿಸುತ್ತದೆ. 1ರಲ್ಲಿ ಸುಂಟಿಕೊಪ್ಪ 25, ಮೂರ್ನಾಡು 25, ಚೆಟ್ಟಳ್ಳಿ 50 ಎಂದಾಗುತ್ತವೆ. 2ರಲ್ಲಿ ಕುಶಾಲನಗರ 50, ವಿರಾಜಪೇಟೆ 55, ಸಿದ್ದಾಪುರ 75 ಎಂದು ಮೊದಲ ಬೆಲೆ ಪಡೆಯುತ್ತವೆ. ಅದೇ ಹೊತ್ತಿಗೆ ಸುಂಟಿಕೊಪ್ಪದ ಸಂದೇಶ ತಲುಪಿ ಚೆಟ್ಟಳ್ಳಿ 50ರಿಂದ 40ಕ್ಕೆ ಇಳಿಯುತ್ತದೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಚೆಟ್ಟಳ್ಳಿ ತನ್ನ ಹಳೆಯ 50ನ್ನು ಆಗಲೇ ಮುಂದಕ್ಕೆ ಹೇಳಿಬಿಟ್ಟಿತ್ತು, ಸಿದ್ದಾಪುರದ 75 ಹುಟ್ಟಿದ್ದು ಅದರಿಂದಲೇ, ಮತ್ತು ಸಿದ್ದಾಪುರ ಆ 75ನ್ನು ನಂಬಿ ವಿರಾಜಪೇಟೆಗೆ 110 ಎಂದು ಕಳುಹಿಸಿಯೂ ಆಯಿತು. 3ರಲ್ಲಿ ಸಿದ್ದಾಪುರ 65ಕ್ಕೆ ಇಳಿಯುತ್ತದೆ, ಗೋಣಿಕೊಪ್ಪ 85 ಪಡೆಯುತ್ತದೆ, ವಿರಾಜಪೇಟೆ 110ನ್ನು ತಳ್ಳಿಹಾಕುತ್ತದೆ. 4ರಲ್ಲಿ ಬಂದ ಸಂದೇಶಗಳಾವುವೂ ಯಾರ ಬೆಲೆಯನ್ನೂ ಇಳಿಸುವುದಿಲ್ಲವಾದ್ದರಿಂದ ಎಲ್ಲವೂ ನಿಲ್ಲುತ್ತದೆ. ಡೈಕ್‌ಸ್ಟ್ರಾ ವಿಧಾನದಲ್ಲಿ ಚೆಟ್ಟಳ್ಳಿಯ ಸರದಿ ಬರುವ ಮೊದಲೇ ಸುಂಟಿಕೊಪ್ಪ ಇತ್ಯರ್ಥವಾಗಿರುತ್ತಿತ್ತು, ಸಿದ್ದಾಪುರಕ್ಕೆ 75 ಎಂಬ ಸಂದೇಶ ಹೋಗುತ್ತಲೇ ಇರಲಿಲ್ಲ. ಕ್ರಮವನ್ನು ಬಿಟ್ಟದ್ದಕ್ಕೆ ತೆತ್ತ ಬೆಲೆ ಇದು.

ಹೀಗಿದ್ದೂ ಉತ್ತರ ಸರಿಯಾಗಿಯೇ ಬರುವುದಕ್ಕೆ ಕಾರಣ ಕನಿಷ್ಠ ತೆಗೆಯುವ ಕ್ರಿಯೆಯ ಗುಣ. ಯಾವ ಕ್ರಮದಲ್ಲಿ ತೆಗೆದರೂ, ಹೇಗೆ ಗುಂಪು ಮಾಡಿದರೂ, ಒಂದೇ ಬೆಲೆ ಎರಡು ಸಲ ಬಂದರೂ ಫಲ ಬದಲಾಗದು. ಕಂಬೈನರ್ ಎಂಬ ಸೌಲಭ್ಯ ನಿಂತಿರುವುದು ಇದರ ಮೇಲೆಯೇ: ಒಂದು ಯಂತ್ರದಿಂದ ಒಂದೇ ಶೃಂಗಕ್ಕೆ ಹೊರಟ ಹತ್ತು ಸಂದೇಶಗಳಲ್ಲಿ ಚಿಕ್ಕದೊಂದನ್ನು ಮಾತ್ರ ಕಳುಹಿಸಿದರೆ ಸಾಕು. ಕಿರುದಾರಿಯ ಪ್ರೋಗ್ರಾಮಿನಲ್ಲಿ ಕಂಬೈನರ್ ಬಳಸದಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ವೇಗದ ಮಾತಿಗೆ ಬಂದರೆ, ಪ್ರೆಗೆಲ್ ಪ್ರಬಂಧದಲ್ಲಿ 100 ಕೋಟಿ ಶೃಂಗಗಳ ದ್ವಿಮಾನ ವೃಕ್ಷದ (ಪ್ರತಿ ಶೃಂಗವೂ ಎರಡಾಗಿ ಕವಲೊಡೆಯುವ ಗ್ರಾಫ್) ಮೇಲೆ, 300 ಯಂತ್ರಗಳಲ್ಲಿ, ವರ್ಕರ್‌ಗಳನ್ನು (ಕೆಲಸವನ್ನು ಹಂಚಿಕೊಂಡು ನಡೆಸುವ ಪ್ರಕ್ರಿಯೆಗಳು) 50ರಿಂದ 800ಕ್ಕೆ ಏರಿಸಿದಾಗ ಕಾಲ 174 ಸೆಕೆಂಡುಗಳಿಂದ 17.3ಕ್ಕೆ ಇಳಿದದ್ದನ್ನು ದಾಖಲಿಸಿದ್ದಾರೆ. ಈ ಅಂಕಿಯನ್ನು ರಸ್ತೆಗಳ ಗ್ರಾಫ್‌ಗೆ ಹಾಗೆಯೇ ಅನ್ವಯಿಸಬಾರದು. 100 ಕೋಟಿ ಶೃಂಗಗಳಿದ್ದರೂ ಅಂಥ ವೃಕ್ಷದ ಆಳ ಸುಮಾರು 30 ಮಾತ್ರ. ರಸ್ತೆಗಳಲ್ಲಿ ಹಾಗಿಲ್ಲ, ಅದರಲ್ಲೂ ಬೆಟ್ಟಗಳ ನಡುವೆ ಸಿಕ್ಕಷ್ಟೇ ಜಾಗದಲ್ಲಿ ರಸ್ತೆ ಹಾದುಹೋಗುವ ನಮ್ಮ ಜಿಲ್ಲೆಯಲ್ಲಿ ಒಂದು ಕೂಡುರಸ್ತೆಗೆ ಸೇರುವ ದಾರಿಗಳು ಮೂರೋ ನಾಲ್ಕೋ, ಆದರೆ ಉತ್ತರದ ಶನಿವಾರಸಂತೆಯಿಂದ ದಕ್ಷಿಣದ ಕುಟ್ಟಕ್ಕೆ ಹೋಗುವಾಗ ದಾಟುವ ಕೂಡುರಸ್ತೆಗಳು ಅಸಂಖ್ಯ. ಸೂಪರ್‌ಸ್ಟೆಪ್‌ಗಳ ಸಂಖ್ಯೆಯನ್ನು ನಿರ್ಧರಿಸುವುದು ಕಿರುದಾರಿಗಳಲ್ಲಿ ಇರುವ ಅಂಚುಗಳ ಎಣಿಕೆಯೇ ಹೊರತು ಶೃಂಗಗಳ ಒಟ್ಟು ಸಂಖ್ಯೆಯಲ್ಲ. ಹೀಗೆ ಉದ್ದವಾದ ಗ್ರಾಫ್‌ನಲ್ಲಿ ಪ್ರತಿ ಸೂಪರ್‌ಸ್ಟೆಪ್‌ನಲ್ಲೂ ಕೆಲವೇ ಶೃಂಗಗಳು ಎಚ್ಚರವಾಗಿದ್ದು, ಎಲ್ಲರೂ ಕಾಯುವ ತಡೆಗೋಡೆಯ ಖರ್ಚೇ ಮಿಕ್ಕ ಕೆಲಸವನ್ನು ಮೀರಿಸುತ್ತದೆ.

ಇದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ಪರಿಹಾರ ಗ್ರಾಫನ್ನು ಹಂಚುವ ರೀತಿಯಲ್ಲಿದೆ. ಶೃಂಗದ ಸಂಖ್ಯೆಯನ್ನು ಹ್ಯಾಶ್ ಮಾಡಿ, ಎಂದರೆ ಸ್ಥಳವನ್ನು ಲೆಕ್ಕಿಸದೆ ಚದುರಿಸುವ ಸೂತ್ರವೊಂದರಿಂದ, ಹಂಚಿದರೆ ಮಡಿಕೇರಿ ಒಂದು ಯಂತ್ರಕ್ಕೂ ಸುಂಟಿಕೊಪ್ಪ ಇನ್ನೊಂದಕ್ಕೂ ಬಿದ್ದು, ಹೆಚ್ಚುಕಡಿಮೆ ಪ್ರತಿ ಅಂಚೂ ಜಾಲವನ್ನು ದಾಟಬೇಕಾಗುತ್ತದೆ. ಭೂಗೋಳಕ್ಕೆ ಅನುಗುಣವಾಗಿ ಹಂಚಿ ಕೊಡಗನ್ನು ಒಂದೇ ಭಾಗವಾಗಿ ಇಟ್ಟರೆ, ಹೊರಗಿನೊಂದಿಗೆ ಅದನ್ನು ಜೋಡಿಸುವುದು ಸಂಪಾಜೆ, ಕುಶಾಲನಗರ, ಮಾಕುಟ್ಟ, ಕುಟ್ಟದಂಥ ಬೆರಳೆಣಿಕೆಯ ದ್ವಾರಗಳು. ಆಗ ಭಾಗದ ಒಳಗೆ ಡೈಕ್‌ಸ್ಟ್ರಾ ವಿಧಾನವನ್ನೇ ನಡೆಸಿ, ಗಡಿಯ ಶೃಂಗಗಳ ಬೆಲೆಗಳನ್ನು ಮಾತ್ರ ಸಂದೇಶವಾಗಿ ಕಳುಹಿಸಬಹುದು. ಸೂಪರ್‌ಸ್ಟೆಪ್‌ಗಳ ಸಂಖ್ಯೆ ಆಗ ಅವಲಂಬಿಸುವುದು ಎಷ್ಟು ಭಾಗಗಳನ್ನು ದಾಟಬೇಕೆಂಬುದನ್ನು. 2013ರ ಜಿರಾಫ್ ಪ್ಲಸ್ ಪ್ಲಸ್ ಮತ್ತು 2014ರ ಬ್ಲೋಗೆಲ್ ಎಂಬ ವ್ಯವಸ್ಥೆಗಳು ಈ ಹಾದಿ ಹಿಡಿದವು. ದೂರಗಳನ್ನು ನಿಗದಿತ ಅಗಲದ ಬುಟ್ಟಿಗಳಾಗಿ ವಿಂಗಡಿಸಿ ಸಮೀಪದ ಬುಟ್ಟಿಯನ್ನು ಮೊದಲು ಮುಗಿಸುವ ಡೆಲ್ಟಾ ಸ್ಟೆಪಿಂಗ್ ಕೂಡ ಇದೆ. ಅದು ಬಿಟ್ಟುಕೊಟ್ಟ ಕ್ರಮವನ್ನು ಅರೆಪಾಲು ಹಿಂದಕ್ಕೆ ಪಡೆದು, ವ್ಯರ್ಥ ತಿದ್ದುಪಡಿಗಳನ್ನು ಕಡಿಮೆ ಮಾಡುತ್ತದೆ.

ಹಂಚಿಕೆಯ ಗಣನೆಗೆ ಬಳಸುವ ಸ್ಪಾರ್ಕ್ ತಂತ್ರಾಂಶದ ಗ್ರಾಫ್ ವಿಭಾಗವಾದ ಗ್ರಾಫ್‌ಎಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಗ್ರಂಥಾಲಯದಲ್ಲಿರುವ ಸಿದ್ಧ ‘ಶಾರ್ಟೆಸ್ಟ್ ಪಾತ್ಸ್’ ಅಂಚುಗಳ ಎಣಿಕೆಯನ್ನು ಲೆಕ್ಕಿಸುತ್ತದೆ, ಭಾರವನ್ನಲ್ಲ. ನಮ್ಮ ಉದಾಹರಣೆಯಲ್ಲಿ ಅದು ಚೆಟ್ಟಳ್ಳಿಗೆ ನೇರ ರಸ್ತೆಯೇ ಹತ್ತಿರವೆನ್ನುತ್ತದೆ. ಭಾರ ಬೇಕಾದಲ್ಲಿ, ಮೇಲಿನ ಮಾದರಿಯಲ್ಲಿ ಪ್ರೋಗ್ರಾಂ ಬರೆಯಲು ಅದರಲ್ಲಿರುವ ಪ್ರೆಗೆಲ್ ಆಪರೇಟರ್ ಬಳಸಿ ನಾವೇ ಬರೆಯಬೇಕು.

ಕೊನೆಯದಾಗಿ, ರಸ್ತೆ ಮುಚ್ಚಿದಾಗ ಏನು ಮಾಡಬೇಕೆಂಬುದು. 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿಯ ಸಂಚಾರ ಕಡಿದುಹೋದುದನ್ನು ಕಂಡವರಿಗೆ ಇದು ಬರಿಯ ಅಭ್ಯಾಸದ ಪ್ರಶ್ನೆಯಲ್ಲ. ಹೊಸ ರಸ್ತೆ ಸೇರಿದರೆ ತೊಂದರೆಯಿಲ್ಲ. ಹಳೆಯ ಬೆಲೆಗಳಿಂದಲೇ ಮುಂದುವರಿಸಿದರೆ ಅವು ಇಳಿಯುತ್ತವೆ. ಸುಂಟಿಕೊಪ್ಪ–ಚೆಟ್ಟಳ್ಳಿ ಅಂಚು ಮುಚ್ಚಿದರೆ ಮಾತ್ರ ಚೆಟ್ಟಳ್ಳಿಯ ಬೆಲೆ 50ಕ್ಕೆ ಏರಬೇಕು, ಆದರೆ ಕನಿಷ್ಠವನ್ನಷ್ಟೇ ಒಪ್ಪುವ ಶೃಂಗ ತನ್ನ 40ನ್ನು ಎಂದಿಗೂ ಬಿಡದು. ಇದಕ್ಕಾಗಿ ಪ್ರತಿ ಶೃಂಗವೂ ತನ್ನ ಬೆಲೆ ಯಾವ ನೆರೆಯಿಂದ ಬಂತೆಂಬುದನ್ನು ಇಟ್ಟುಕೊಳ್ಳಬೇಕು. ಅಂಚು ಹೋದೊಡನೆ ಅದನ್ನು ಆಧರಿಸಿದ ಚೆಟ್ಟಳ್ಳಿಯನ್ನೂ, ಚೆಟ್ಟಳ್ಳಿಯನ್ನು ಆಧರಿಸಿದ ಸಿದ್ದಾಪುರವನ್ನೂ ಅನಂತಕ್ಕೆ ಮರಳಿಸಿ, ಬಾಧೆಗೊಳಗಾಗದ ನೆರೆಗಳಿಂದ ಹೊಸದಾಗಿ ಸಂದೇಶ ತರಿಸಬೇಕು. ಮಡಿಕೇರಿಯಿಂದ ಚೆಟ್ಟಳ್ಳಿಗೆ 50, ವಿರಾಜಪೇಟೆಯಿಂದ ಸಿದ್ದಾಪುರಕ್ಕೆ 90 ಬರುತ್ತದೆ. ಮುಂದಿನ ಸೂಪರ್‌ಸ್ಟೆಪ್‌ನಲ್ಲಿ ಚೆಟ್ಟಳ್ಳಿಯ ಸಂದೇಶದಿಂದ ಸಿದ್ದಾಪುರ 75ಕ್ಕೆ ಇಳಿದು ನಿಲ್ಲುತ್ತದೆ. ಉಳಿದ ಊರುಗಳ ಬೆಲೆಯನ್ನು ಮುಟ್ಟಬೇಕಾಗಿಯೇ ಬರುವುದಿಲ್ಲ.