ಚೈನ್‌ಸಾದ ಹಲ್ಲು ಮತ್ತು 0.65 ಮಿಲಿಮೀಟರಿನ ಲೆಕ್ಕ

ಕಾಫಿ ತೋಟದಲ್ಲಿ ಉರುಳಿಬಿದ್ದ ಸಿಲ್ವರ್ ಓಕ್ ಮರವನ್ನು ಚೈನ್‌ಸಾದಿಂದ ತುಂಡರಿಸುತ್ತಿರುವಾಗ ಗರಗಸ ಹರಿತವಾಗಿದೆಯೇ ಎಂದು ತಿಳಿಯಲು ಯಂತ್ರವನ್ನು ನಿಲ್ಲಿಸಿ ನೋಡಬೇಕಾಗಿಲ್ಲ. ಕೆಳಗೆ ಉದುರುವ ಹೊಟ್ಟನ್ನು ಗಮನಿಸಿದರೆ ಸಾಕು. ಹರಿತವಾದ ಚೈನು ಮರವನ್ನು ಅಂಚು ಸ್ಪಷ್ಟವಾಗಿರುವ ಚಪ್ಪಟೆ ಚಕ್ಕೆಗಳಾಗಿ ಹೊರಹಾಕುತ್ತದೆ. ಮೊಂಡಾದ ಚೈನು ಅದೇ ಮರವನ್ನು ನುಣ್ಣನೆಯ ಪುಡಿಯಾಗಿಸುತ್ತದೆ. ಮರ ಎಷ್ಟು ಸಣ್ಣದಾಗಿ ಪುಡಿಯಾಗುತ್ತದೆಯೋ ಅಷ್ಟು ಹೆಚ್ಚು ಹೊಸ ಮೇಲ್ಮೈಯನ್ನು ಸೃಷ್ಟಿಸಬೇಕಾಗುತ್ತದೆ, ಅದಕ್ಕೆ ಅಷ್ಟೇ ಹೆಚ್ಚು ಶಕ್ತಿಯೂ ಬೇಕಾಗುತ್ತದೆ. ಆ ಶಕ್ತಿ ಪೆಟ್ರೋಲಿನಿಂದ ಬರುತ್ತದೆ, ಅದರ ಬಹುಪಾಲು ಘರ್ಷಣೆಯ ಬಿಸಿಯಾಗಿ ವ್ಯರ್ಥವಾಗುತ್ತದೆ. ಇಷ್ಟಾದರೂ ನಮ್ಮ ತೋಟಗಳಲ್ಲಿ ಎಂಜಿನ್ನಿಗೆ ಸಿಗುವ ಆರೈಕೆ ಹಲ್ಲಿಗೆ ಸಿಗುವುದು ಅಪರೂಪ. ಹಲ್ಲಿಗೆ ಅರ ಹಾಕುವವರಲ್ಲಿಯೂ ಹೆಚ್ಚಿನವರು ಅರ್ಧ ಕೆಲಸವನ್ನಷ್ಟೇ ಮಾಡಿ ಬಿಡುತ್ತಾರೆ ಎಂಬುದು ನನ್ನ ಆತಂಕ.

ಒಂದು ಹಲ್ಲನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ನೋಡೋಣ. ಕೈಗರಗಸದ ಹಲ್ಲಿನಂತೆ ಅದು ಮೊನಚಾದ ತ್ರಿಕೋನವಲ್ಲ. ಒಂದು ಬದಿಯಿಂದ ಮೇಲೆದ್ದು ಒಳಕ್ಕೆ ಬಾಗಿದ ಉಕ್ಕಿನ ತಗಡು ಅದು. ನಿಂತಿರುವ ಭಾಗದ ಅಂಚು ಮರದ ನಾರುಗಳನ್ನು ಅಡ್ಡಕ್ಕೆ ಕತ್ತರಿಸುತ್ತದೆ, ಮಲಗಿರುವ ಮೇಲ್ಭಾಗದ ಅಂಚು ಹಾಗೆ ಕಡಿದ ನಾರುಗಳನ್ನು ಬುಡದಿಂದ ಎಬ್ಬಿಸಿ ಚಕ್ಕೆಯಾಗಿಸುತ್ತದೆ. ಈ ಎರಡೂ ಅಂಚುಗಳು ಸೇರುವ ಮೂಲೆಯೇ ಹಲ್ಲಿನ ಜೀವಾಳ. ಹೆಚ್ಚಿನ ಶ್ರಮವೆಲ್ಲ ಆ ಮೂಲೆಯದು, ಮೊದಲು ಸವೆಯುವುದೂ ಅದೇ. ಹಲ್ಲಿನ ಮುಂದೆ, ಅದೇ ಕೊಂಡಿಯಲ್ಲಿ, ಒಂದು ಚಿಕ್ಕ ಉಬ್ಬು ಇರುತ್ತದೆ. ಅದನ್ನು ಡೆಪ್ತ್ ಗೇಜ್ ಎನ್ನುತ್ತಾರೆ. ಹಲ್ಲಿನ ಅಂಚಿಗಿಂತ ಈ ಉಬ್ಬು ಸ್ವಲ್ಪವೇ ತಗ್ಗಿನಲ್ಲಿರುತ್ತದೆ, ಸಾಮಾನ್ಯವಾದ ಮೂರು ಬೈ ಎಂಟು ಇಂಚಿನ (ಕೊಂಡಿಗಳ ಅಂತರವನ್ನು ಸೂಚಿಸುವ ಅಳತೆ ಇದು) ಚೈನಿನಲ್ಲಿ ಸುಮಾರು 0.65 ಮಿಲಿಮೀಟರ್. ಬಡಗಿಯ ಉಜ್ಜುಗೊರಡಿನಲ್ಲಿ ಅಲಗು ತಳದಿಂದ ಎಷ್ಟು ಹೊರಚಾಚಿದೆ ಎಂಬುದು ಹೆರೆಯ ದಪ್ಪವನ್ನು ನಿರ್ಧರಿಸುವಂತೆ, ಇಲ್ಲಿ ಹಲ್ಲು ಒಮ್ಮೆಗೆ ಎಷ್ಟು ಮರವನ್ನು ಕಚ್ಚಬೇಕು ಎಂಬುದನ್ನು ಈ ಅಂತರವೇ ನಿರ್ಧರಿಸುತ್ತದೆ.

ಈ ಆಕಾರ ಹೊಳೆದದ್ದು ಒಂದು ಹುಳುವನ್ನು ಕಂಡು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಬ್ಯೂಫರ್ಡ್ ಕಾಕ್ಸ್ ಎಂಬವರು ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ಮರವನ್ನು ಕೊರೆಯುತ್ತಿರುವುದನ್ನು ಗಮನಿಸಿದರು. ಅದರ ಬಾಗಿದ ದವಡೆಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕೆಲಸ ಮಾಡುತ್ತಿದ್ದವು. ಅದಕ್ಕೂ ಮೊದಲಿನ ಚೈನುಗಳ ಹಲ್ಲುಗಳು ಮರವನ್ನು ಗೀರುತ್ತಿದ್ದವು, ಪದೇ ಪದೇ ಸಾಣೆ ಬೇಡುತ್ತಿದ್ದವು. ದವಡೆಯ ಬಾಗನ್ನು ಉಕ್ಕಿಗೆ ತಂದ ಕಾಕ್ಸ್ 1947ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಹೊಸ ಚೈನುಗಳ ಮಾರಾಟ ಆರಂಭಿಸಿದರು. ಇಂದಿನ ಚೈನುಗಳಲ್ಲಿ ಎಡ ಹಲ್ಲು ಮತ್ತು ಬಲ ಹಲ್ಲು ಒಂದು ಬಿಟ್ಟು ಒಂದರಂತೆ ಬರುವುದು ಆ ದವಡೆಗಳ ಬಳುವಳಿಯೇ.

ಮರಕ್ಕಿಂತ ಎಷ್ಟೋ ಗಟ್ಟಿಯಾದ ಉಕ್ಕು ಮೊಂಡಾಗುವುದಾದರೂ ಏಕೆ? ವೇಗ ಒಂದು ಕಾರಣ. 20 ಇಂಚಿನ ಬಾರಿನ, ಅಂದರೆ ಯಂತ್ರದಿಂದ ಮುಂದಕ್ಕೆ ಚಾಚಿರುವ ಉದ್ದನೆಯ ಪಟ್ಟಿಯ, ಮೇಲೆ ಓಡುವ ಚೈನಿನಲ್ಲಿ ಸಾಮಾನ್ಯವಾಗಿ 36 ಹಲ್ಲುಗಳಿರುತ್ತವೆ. ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಚೈನು ಸೆಕೆಂಡಿಗೆ 20 ಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುವುದರಿಂದ ಕಡಿತದ ಜಾಗವನ್ನು ಸೆಕೆಂಡಿಗೆ ಐನೂರಕ್ಕೂ ಹೆಚ್ಚು ಹಲ್ಲುಗಳು ಹಾದುಹೋಗುತ್ತವೆ. ಆದರೆ ನಿಜವಾದ ಶತ್ರು ಮರಳು. ಮರಳಿನ ಸ್ಫಟಿಕ ಹಲ್ಲಿನ ಉಕ್ಕಿಗಿಂತಲೂ ಗಟ್ಟಿ. ನೆಲದ ಮೇಲೆ ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಸೇರಿಕೊಂಡ ಮಣ್ಣು ಅಥವಾ ಬಾರಿನ ತುದಿ ಒಂದು ಕ್ಷಣ ನೆಲಕ್ಕೆ ತಾಗುವುದು ಇಡೀ ದಿನದ ಹರಿತವನ್ನು ಕಳೆಯಬಲ್ಲದು. ತೇಗದಂಥ ಮರಗಳಂತೂ ತಮ್ಮ ಜೀವಕೋಶಗಳಲ್ಲಿಯೇ ಸಿಲಿಕಾವನ್ನು ಇಟ್ಟುಕೊಂಡಿರುತ್ತವೆ. ಹಳೆಯ ಬೇಲಿಮರದೊಳಗೆ ಬೆಳೆದುಹೋಗಿರುವ ಮುಳ್ಳುತಂತಿಯ ಮಾತು ಹೇಳುವುದೇ ಬೇಡ.

ಈ ಸವೆತಕ್ಕೆ ಒಂದು ಚೆಂದದ ಎದುರುತಂತ್ರವೂ ಹಲ್ಲಿನಲ್ಲಿದೆ. ಹಲ್ಲಿನ ಹೊರಮೈಗೆ ಕೂದಲೆಳೆಗಿಂತ ತೆಳುವಾದ ಗಟ್ಟಿ ಕ್ರೋಮಿಯಂ ಲೇಪನವಿರುತ್ತದೆ, ಒಳಗಿನದು ಅರಕ್ಕೆ ಬಗ್ಗುವಷ್ಟು ಮೆದುವಾದ ಉಕ್ಕು. ಅಳಿಲು, ಇಲಿಗಳ ಬಾಚಿಹಲ್ಲಿನಲ್ಲಿಯೂ ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಇದ್ದು, ಹಿಂದಿನ ಮೆದುಭಾಗ ಬೇಗ ಸವೆಯುವುದರಿಂದ ಅಂಚು ಉಳಿದುಕೊಳ್ಳುತ್ತದೆ. ಅರವನ್ನು ಯಾವಾಗಲೂ ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಬೇಕೆಂಬ ನಿಯಮದ ಹಿಂದಿರುವುದೂ ಈ ಲೇಪನವೇ. ಹೊರಗಿನಿಂದ ಒಳಕ್ಕೆ ಉಜ್ಜಿದರೆ ಲೇಪನ ಚಕ್ಕೆಯೇಳುತ್ತದೆ, ಅರವೂ ಹಾಳಾಗುತ್ತದೆ. ಲೇಪನ ಎಲ್ಲಿಯವರೆಗೆ ಕಿತ್ತುಹೋಗಿದೆಯೋ ಅಲ್ಲಿಯವರೆಗೂ ಉಕ್ಕನ್ನು ಅರದಿಂದ ತೆಗೆಯದಿದ್ದರೆ, ಅಂಚು ಕಣ್ಣಿಗೆ ಹರಿತವಾಗಿ ಕಂಡರೂ ನಾಲ್ಕು ಕೊಯ್ತಕ್ಕೆ ಮತ್ತೆ ಮೊಂಡಾಗುತ್ತದೆ.

ದುಂಡು ಅರದ ದಪ್ಪ ಚೈನಿನ ಅಳತೆಗೆ ಹೊಂದಬೇಕು, 0.325 ಇಂಚಿನ ಚೈನಿಗೆ ಸಾಮಾನ್ಯವಾಗಿ 4.8 ಮಿಲಿಮೀಟರ್, ದೊಡ್ಡ ಮೂರು ಬೈ ಎಂಟು ಚೈನಿಗೆ 5.2 ಅಥವಾ 5.5 ಮಿಲಿಮೀಟರಿನ ಅರ ಬೇಕು. ಬಾರನ್ನು ಅಲುಗದಂತೆ ಬಿಗಿದು, ಅರದ ಐದನೇ ಒಂದು ಭಾಗ ಹಲ್ಲಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿರುವಂತೆ ಹಿಡಿದು, ಹೆಚ್ಚಿನ ಚೈನುಗಳಿಗೆ ಹೇಳಿರುವ 30 ಡಿಗ್ರಿ ಕೋನದಲ್ಲಿ ಮುಂದಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ತರುವಾಗ ಎತ್ತಬೇಕು. ಸಾಕಾಯಿತೇ ಎಂಬುದನ್ನು ಬೆಳಕು ಹೇಳುತ್ತದೆ. ಮೊಂಡು ಅಂಚು ದುಂಡಗಾಗಿರುವುದರಿಂದ ಬೆಳಕನ್ನು ಪ್ರತಿಫಲಿಸಿ ತೆಳುವಾದ ಬಿಳಿ ಗೆರೆಯಾಗಿ ಹೊಳೆಯುತ್ತದೆ, ಹರಿತವಾದ ಅಂಚಿಗೆ ಪ್ರತಿಫಲಿಸುವಷ್ಟು ಅಗಲವೇ ಇರುವುದಿಲ್ಲ. ಆ ಗೆರೆ ಮಾಯವಾದರೆ ಆ ಹಲ್ಲಿನ ಕೆಲಸ ಮುಗಿಯಿತು. ಎಡಗಡೆಯ ಹಲ್ಲುಗಳು ಬಲಗಡೆಯವುಗಳಿಗಿಂತ ಗಿಡ್ಡವಾದರೆ ಅಥವಾ ಮೊಂಡಾಗಿ ಉಳಿದರೆ ಗರಗಸ ನೇರವಾಗಿ ಇಳಿಯದೆ ಒಂದು ಬದಿಗೆ ಸರಿಯುತ್ತದೆ.

ಕಡೆಗಣನೆಗೆ ಒಳಗಾಗುವ ಉಳಿದರ್ಧ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರಾಗಿರುವುದರಿಂದ ಪ್ರತಿ ಬಾರಿ ಅರ ಹಾಕಿದಾಗಲೂ ಅಂಚು ಸ್ವಲ್ಪ ಕೆಳಕ್ಕೆ ಇಳಿಯುತ್ತದೆ, ಮುಂದಿನ ಉಬ್ಬು ಮಾತ್ರ ಇದ್ದಲ್ಲಿಯೇ ಇರುತ್ತದೆ. ಹೀಗೆ 0.65 ಮಿಲಿಮೀಟರಿನ ಅಂತರ ಕ್ರಮೇಣ ಕರಗಿ, ಹಲ್ಲು ಹರಿತವಾಗಿದ್ದರೂ ಮರವನ್ನು ತಲುಪದ ಸ್ಥಿತಿ ಬರುತ್ತದೆ. ಆಗ ಕೆಲಸಗಾರ ಇಡೀ ಮೈಭಾರ ಹಾಕಿ ಯಂತ್ರವನ್ನು ಒತ್ತುತ್ತಾನೆ, ಹೊಸ ಚೈನೇ ಬೇಕೆಂದು ಅಂಗಡಿಗೆ ಹೋಗುತ್ತಾನೆ. ವಾಸ್ತವವಾಗಿ ಅಳತೆಪಟ್ಟಿಯೊಂದನ್ನು ಹಲ್ಲುಗಳ ಮೇಲಿಟ್ಟು, ಅದರ ಸೀಳಿನಿಂದ ಹೊರಚಾಚುವ ಉಬ್ಬನ್ನು ಚಪ್ಪಟೆ ಅರದಿಂದ ತಗ್ಗಿಸಿ, ಮುಂದಿನ ಮೂಲೆಯನ್ನು ದುಂಡಗೆ ಮಾಡಿದರೆ ಸಾಕಿತ್ತು. ಇದನ್ನು ಕಣ್ಣಂದಾಜಿನಲ್ಲಿ ಮಾಡಬಾರದು. ಉಬ್ಬು ಅತಿಯಾಗಿ ತಗ್ಗಿದರೆ ಹಲ್ಲು ಮಿತಿಮೀರಿ ಕಚ್ಚುತ್ತದೆ, ಎಂಜಿನ್ ಮುಗ್ಗರಿಸುತ್ತದೆ, ಬಾರಿನ ತುದಿಯ ಮೇಲ್ಭಾಗ ಏನನ್ನಾದರೂ ತಾಗಿದಾಗ ಇಡೀ ಯಂತ್ರ ಕೆಲಸಗಾರನ ಮುಖದತ್ತ ಚಿಮ್ಮುವ ಅಪಾಯವೂ ಹೆಚ್ಚುತ್ತದೆ. ಮೊಂಡು ಚೈನೂ ಸುರಕ್ಷಿತವಲ್ಲ. ಅದು ಹೆಚ್ಚು ಅದುರುತ್ತದೆ, ವರ್ಷಗಟ್ಟಲೆ ಅಂಥ ಕಂಪನಕ್ಕೆ ಒಡ್ಡಿಕೊಂಡ ಕೈಬೆರಳುಗಳ ರಕ್ತನಾಳ ಮತ್ತು ನರಗಳಿಗೆ ಹಾನಿಯಾಗಿ ಬೆರಳುಗಳು ಬಿಳಿಚಿಕೊಂಡು ಮರಗಟ್ಟುತ್ತವೆ.

ವಿದ್ಯುತ್ ಸಾಣೆಯಂತ್ರ ಬೇಗ ಕೆಲಸ ಮುಗಿಸುತ್ತದೆ ಎಂಬುದು ನಿಜ. ಆದರೂ ನಾನು ಕೈಯ ಅರದ ಪಕ್ಷ. ಸಾಣೆಚಕ್ರವನ್ನು ಒತ್ತಿ ಹಿಡಿದರೆ ಅಂಚು ನೀಲಿಯಾಗುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಉಕ್ಕಿನ ಮೇಲೆ ಮೂಡುವ ಆಕ್ಸೈಡ್ ಪದರದ ಬಣ್ಣ ಅದು, ಹದ ಕೆಟ್ಟಿತೆಂಬುದಕ್ಕೆ ಗುರುತು.

ಚೈನಿನಷ್ಟೇ ಬಾರಿಗೂ ಗಮನ ಬೇಕು. ಅದರ ಕೆಳ ಅಂಚು ಹೆಚ್ಚು ಸವೆಯುವುದರಿಂದ ಆಗಾಗ ಮಗುಚಿ ಹಾಕಬೇಕು, ಚೈನು ಓಡುವ ಸೀಳಿನಲ್ಲಿ ಸಿಲುಕಿದ ಹೊಟ್ಟನ್ನು ಕೆರೆದು ತೆಗೆಯಬೇಕು. ಎಂಜಿನ್ನಿನಿಂದ ಬಸಿದ ಹಳೆಯ ಎಣ್ಣೆಯನ್ನು ಚೈನಿಗೆ ಹಾಕುವವರಿದ್ದಾರೆ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ, ಚೈನಿಗೆ ಹಾಕಿದ್ದೆಲ್ಲವೂ ಕೊನೆಗೆ ತೋಟದ ಮಣ್ಣಿಗೇ ಸಿಡಿದು ಸೇರುತ್ತದೆ. ಕೊಂಬೆ ಸವರುವ ಕೈಗರಗಸಗಳಲ್ಲಿ ಹಲ್ಲಿನ ತುದಿ ನೀಲಿಗಪ್ಪಾಗಿ ಕಂಡರೆ ಅದನ್ನು ಅರದಿಂದ ಉಜ್ಜಲು ಹೋಗಬಾರದು. ಅಲ್ಲಿನ ನೀಲಿ ಹದಗೆಟ್ಟದ್ದರ ಗುರುತಲ್ಲ, ವಿದ್ಯುತ್ತಿನಿಂದ ಕ್ಷಣಮಾತ್ರ ಕಾಯಿಸಿ ಅರಕ್ಕಿಂತಲೂ ಗಟ್ಟಿಗೊಳಿಸಿದ ಹಲ್ಲುಗಳವು, ಮೊಂಡಾದಾಗ ಅಲಗನ್ನೇ ಬದಲಿಸಬೇಕು. ಚೈನ್‌ಸಾದ ಹಲ್ಲುಗಳಿಗೆ ಮಾತ್ರ ದೀರ್ಘಾಯುಷ್ಯವಿದೆ. ಹಲವು ಚೈನುಗಳಲ್ಲಿ ಹಲ್ಲಿನ ಹಿಂಭಾಗದಲ್ಲಿ ಓರೆಯಾದ ಸಣ್ಣ ಗೆರೆಯೊಂದನ್ನು ಕೊರೆದಿರುತ್ತಾರೆ. ಅರ ಹಾಕುತ್ತಾ ಹಾಕುತ್ತಾ ಅಂಚು ಆ ಗೆರೆಯನ್ನು ಮುಟ್ಟಿದಾಗ ಹಲ್ಲು ಮುರಿದು ಸಿಡಿಯುವ ಸಂಭವವಿರುವುದರಿಂದ ಆ ಚೈನನ್ನು ಕಳಚಿ ಗುಜರಿಗೆ ಹಾಕಬೇಕು.