ಎಗ್ರಾಂಟ್ ಯಾರದ್ದು? ಡ್ಯಾಫ್ನಿ ಬರಹಗಳ ಹಿಂದುಮುಂದು

2017ರಲ್ಲಿ ಕಾರ್ ಬಾಂಬಿಗೆ ಬಲಿಯಾದ ಮಾಲ್ಟಾದ ಪತ್ರಕರ್ತೆ ಡ್ಯಾಫ್ನಿ ಕರುವಾನಾ ಗಲಿಟ್ಸಿಯಾ ಹೆಸರು ಬಂದಲ್ಲೆಲ್ಲ ಮಾತು ಎರಡು ದಾರಿ ಹಿಡಿಯುತ್ತದೆ. ‘ಎಗ್ರಾಂಟ್ ಕಥೆ ಬರೀ ಸುಳ್ಳು ಅಂತಾಯಿತಲ್ಲ’ ಎನ್ನುವವರು ಒಂದು ಕಡೆ, ‘17 ಬ್ಲ್ಯಾಕ್ ನಿಜವಾಯಿತಲ್ಲ’ ಎನ್ನುವವರು ಇನ್ನೊಂದು ಕಡೆ. ಎಗ್ರಾಂಟ್ ಪ್ರಧಾನಿಯ ಪತ್ನಿಗೆ ಸೇರಿದ್ದೆಂದು ಡ್ಯಾಫ್ನಿ ಬರೆದ ಪನಾಮಾ ಕಂಪನಿ, 17 ಬ್ಲ್ಯಾಕ್ ಅವರು ಹೆಸರಿಸಿದ ದುಬೈ ಕಂಪನಿ. ಎರಡನ್ನೂ ಬರೆದವರು ಒಬ್ಬರೇ, ಬರೆದದ್ದು ಒಂದೇ ಬ್ಲಾಗಿನಲ್ಲಿ, ನಡುವಿನ ಅಂತರ ಸುಮಾರು ಎರಡು ತಿಂಗಳು. ಒಂದನ್ನು ಹಿಡಿದು ಇನ್ನೊಂದನ್ನು ಅಳೆಯಲು ಹೋದದ್ದರಿಂದಲೇ ಈ ವಿಷಯ ಇಷ್ಟು ಗೋಜಲಾಗಿದೆ.

ಮಾಲ್ಟಾ 316 ಚದರ ಕಿಲೋಮೀಟರಿನ ದ್ವೀಪ ದೇಶ. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಲೇಬರ್ ಮತ್ತು ನ್ಯಾಷನಲಿಸ್ಟ್ ಎಂಬ ಎರಡು ಪಕ್ಷ, ಎರಡಕ್ಕೂ ಸ್ವಂತ ಟಿವಿ ವಾಹಿನಿ. ಸಚಿವರು, ಉದ್ಯಮಿಗಳು, ನ್ಯಾಯಾಧೀಶರೆಲ್ಲ ಒಬ್ಬರಿಗೊಬ್ಬರು ಪರಿಚಿತರು. 1964ರಲ್ಲಿ ಹುಟ್ಟಿದ ಡ್ಯಾಫ್ನಿ 1980ರ ದಶಕದ ಕೊನೆಯಿಂದ ಪತ್ರಿಕೆಗಳಿಗೆ ಅಂಕಣ ಬರೆಯುತ್ತಿದ್ದರು. 2008ರ ಮಾರ್ಚ್‌ನಲ್ಲಿ, ಚುನಾವಣೆಯ ಹೊತ್ತಿಗೆ, ‘ರನ್ನಿಂಗ್ ಕಾಮೆಂಟರಿ’ ಬ್ಲಾಗ್ ಶುರು ಮಾಡಿದರು. ಬಿಸಿ ಸುದ್ದಿ ಇದ್ದ ದಿನ ಅದಕ್ಕೆ ಬರುತ್ತಿದ್ದ ಓದುಗರು ದೇಶದ ಎಲ್ಲ ಪತ್ರಿಕೆಗಳ ಒಟ್ಟು ಪ್ರಸಾರವನ್ನೂ ಮೀರಿಸುತ್ತಿದ್ದರು.

ಬ್ಲಾಗಿನ ಬಲವೂ ದೌರ್ಬಲ್ಯವೂ ಅದರ ಸ್ವರೂಪದಲ್ಲೇ ಇತ್ತು. ನಡುವೆ ಸಂಪಾದಕರಿಲ್ಲ, ಪ್ರಕಟಣೆಗೆ ಮುನ್ನ ಓದುವ ವಕೀಲರಿಲ್ಲ. ಸರ್ಕಾರಿ ಗುತ್ತಿಗೆಯ ದಾಖಲೆ ಬಂದ ಪುಟದಲ್ಲೇ ರಾಜಕಾರಣಿಗಳ ಉಡುಪು, ನಡವಳಿಕೆ, ಖಾಸಗಿ ಬದುಕಿನ ಕುರಿತ ಕಟಕಿಯೂ ಬರುತ್ತಿತ್ತು. ಆ ಕಟಕಿ ಹಲವು ಬಾರಿ ಅಳತೆ ಮೀರುತ್ತಿತ್ತು ಎಂಬುದನ್ನು ಅವರ ಮೆಚ್ಚುಗರೂ ಒಪ್ಪಬೇಕು. ಗುರಿಯಾದವರು ಲೇಬರಿನವರು ಮಾತ್ರ ಎಂಬುದು ಪೂರ್ತಿ ಸರಿಯಲ್ಲ. 2017ರಲ್ಲಿ ನ್ಯಾಷನಲಿಸ್ಟ್ ಪಕ್ಷದ ಹೊಸ ನಾಯಕರೂ ಅವರ ಮೇಲೆ ಮಾನನಷ್ಟ ದಾವೆ ಹೂಡಿದ್ದರು.

ಮೊದಲ ದೊಡ್ಡ ತಿರುವು 2016ರ ಫೆಬ್ರುವರಿಯದು. ಸಚಿವರೊಬ್ಬರಿಗೆ ಪನಾಮಾ ಮತ್ತು ನ್ಯೂಜಿಲೆಂಡಿನ ನಂಟಿದೆ ಎಂದು ಬ್ಲಾಗಿನಲ್ಲಿ ಸುಳಿವು ಬಂತು. ಕೆಲವೇ ದಿನಗಳಲ್ಲಿ ಇಂಧನ ಖಾತೆಯ ಸಚಿವ ಕಾನ್ರಾಡ್ ಮಿಜ್ಜಿ ತಮಗೆ ನ್ಯೂಜಿಲೆಂಡಿನಲ್ಲಿ ಟ್ರಸ್ಟ್, ಪನಾಮಾದಲ್ಲಿ ಕಂಪನಿ ಇರುವುದನ್ನು ತಾವೇ ಹೇಳಿಕೊಂಡರು. ಏಪ್ರಿಲ್ 3ರಂದು ಪನಾಮಾ ಪೇಪರ್ಸ್, ಅಂದರೆ ಪನಾಮಾದ ಕಾನೂನು ಸಂಸ್ಥೆಯೊಂದರಿಂದ ಸೋರಿದ ದಾಖಲೆಗಳು, ಹೊರಬಿದ್ದಾಗ ಚಿತ್ರ ಸ್ಪಷ್ಟವಾಯಿತು. 2013ರ ಮಾರ್ಚ್‌ನಲ್ಲಿ ಲೇಬರ್ ಅಧಿಕಾರಕ್ಕೆ ಬಂದ ಬೆನ್ನಿಗೇ ಮೊದಲೇ ನೋಂದಾಯಿಸಿಟ್ಟು ಮಾರುವ ಮೂರು ಸಿದ್ಧ ಕಂಪನಿಗಳ ವ್ಯವಹಾರ ಶುರುವಾಗಿತ್ತು. ಹರ್ನ್‌ವಿಲ್ ಸಚಿವರದ್ದು, ಟಿಲ್‌ಗೇಟ್ ಪ್ರಧಾನಿಯ ಮುಖ್ಯ ಸಿಬ್ಬಂದಿ ಕೀತ್ ಶೆಂಬ್ರಿಯವರದ್ದು. ಮೂರನೆಯದು ಎಗ್ರಾಂಟ್. ಅದರ ಮಾಲೀಕರ ಹೆಸರನ್ನು ಇಮೇಲಿನಲ್ಲಿ ಬರೆಯುವುದಿಲ್ಲ, ಸ್ಕೈಪಿನಲ್ಲಿ ಹೇಳುತ್ತೇವೆ ಎಂದು ಮಾಲ್ಟಾದ ಲೆಕ್ಕಪರಿಶೋಧನಾ ಸಂಸ್ಥೆಯಿಂದ ಪನಾಮಾಕ್ಕೆ ಪತ್ರ ಹೋಗಿತ್ತು.

ಇಂಥ ಕಂಪನಿಯ ಒಳಗುಟ್ಟು ತಿಳಿಯದೆ ಮುಂದಿನದು ಅರ್ಥವಾಗದು. ಪನಾಮಾದ ನೋಂದಣಿ ಕಡತದಲ್ಲಿ ಸಿಗುವುದು ನಾಮಿನಿ ನಿರ್ದೇಶಕರ ಹೆಸರು, ನಮ್ಮ ಮಾತಿನಲ್ಲಿ ಬೇನಾಮಿ. ಷೇರು ಕೂಡ ಏಜೆಂಟ್ ಸಂಸ್ಥೆಯ ಹೆಸರಿನಲ್ಲೇ ಇರುತ್ತದೆ. ‘ಷೇರು ನಮ್ಮ ಹೆಸರಿನಲ್ಲಿದ್ದರೂ ಅದರ ಫಲ ಇಂಥವರಿಗೆ ಸೇರಿದ್ದು’ ಎಂದು ಏಜೆಂಟ್ ಒಂದು ಘೋಷಣಾ ಪತ್ರ ಬರೆದುಕೊಡುತ್ತಾನೆ. ನಿಜವಾದ ಮಾಲೀಕನನ್ನು ತೋರಿಸುವ ಕಾಗದ ಬಹುಪಾಲು ಅದೊಂದೇ, ಅದು ಯಾವ ಸರ್ಕಾರಿ ಕಚೇರಿಗೂ ಹೋಗುವುದಿಲ್ಲ. ಮೇಲೆ ನ್ಯೂಜಿಲೆಂಡ್ ಟ್ರಸ್ಟ್ ಕೂರಿಸಿದರೆ ಇನ್ನೊಂದು ಪದರ. ಇಷ್ಟಾದರೂ ಬ್ಯಾಂಕ್ ಖಾತೆ ತೆರೆಯುವವರೆಗೆ ಕಂಪನಿಯಿಂದ ಪ್ರಯೋಜನವಿಲ್ಲ. ಖಾತೆ ಕೇಳಿದಾಗ ಬ್ಯಾಂಕಿನವರು ಹಣ ಎಲ್ಲಿಂದ ಬರುತ್ತದೆಂದು ವಿಚಾರಿಸುತ್ತಾರೆ. ಆ ಪ್ರಶ್ನೆಗೆ ಬರೆದ ಉತ್ತರಗಳೇ ಮುಂದೆ ಸಾಕ್ಷ್ಯವಾದವು.

2017ರ ಫೆಬ್ರುವರಿಯಲ್ಲಿ ಡ್ಯಾಫ್ನಿ ‘17 ಬ್ಲ್ಯಾಕ್’ ಎಂಬ ದುಬೈ ಕಂಪನಿಯ ಹೆಸರು ಬರೆದರು. ಯಾರದ್ದೆಂದು ಹೇಳಲಿಲ್ಲ. ಏಪ್ರಿಲ್ 20ರಂದು, ಎಗ್ರಾಂಟ್ ಪ್ರಧಾನಿ ಜೋಸೆಫ್ ಮಸ್ಕಟ್ ಅವರ ಪತ್ನಿಗೆ ಸೇರಿದ್ದು, ಅದರ ಘೋಷಣಾ ಪತ್ರಗಳು ಮಾಲ್ಟಾದ ಪಿಲಾಟಸ್ ಬ್ಯಾಂಕಿನ ಅಡುಗೆಮನೆಯ ತಿಜೋರಿಯಲ್ಲಿವೆ ಎಂದು ಬರೆದರು. ಮೂಲ, ಆ ಬ್ಯಾಂಕಿನ ಮಾಜಿ ಉದ್ಯೋಗಿ. ಅದೇ ರಾತ್ರಿ ಬ್ಯಾಂಕಿನ ಅಧ್ಯಕ್ಷರು ಚೀಲ ಹಿಡಿದು ಪಕ್ಕದ ಬಾಗಿಲಿನಿಂದ ಹೊರಟದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಬ್ಯಾಂಕಿಗೆ ಆ ರಾತ್ರಿ ಬೀಗಮುದ್ರೆ ಬೀಳಲಿಲ್ಲ. ಪೊಲೀಸ್ ಮುಖ್ಯಸ್ಥರು ಹಳ್ಳಿಯ ಹೋಟೆಲೊಂದರಲ್ಲಿ ಮೊಲದ ಮಾಂಸದ ಊಟಕ್ಕೆ ಕೂತಿದ್ದರು. ಆ ಚೀಲದಲ್ಲಿ ಏನಿತ್ತು, ಏನಿರಲಿಲ್ಲ ಎಂದು ನಂಬಿಕೆ ಹುಟ್ಟುವಂತೆ ಹೇಳುವ ಅವಕಾಶ ಅಂದೇ ಕೈತಪ್ಪಿತು. ಆರೋಪ ಸುಳ್ಳಾಗಿದ್ದರೂ ಆ ರಾತ್ರಿಯ ಮುಟ್ಟುಗೋಲೇ ಪ್ರಧಾನಿ ಕುಟುಂಬಕ್ಕೆ ಅತ್ಯುತ್ತಮ ರಕ್ಷಣೆಯಾಗುತ್ತಿತ್ತು.

ಮ್ಯಾಜಿಸ್ಟ್ರೇಟ್ ತನಿಖೆಯನ್ನು ಕೋರಿದ್ದು ಸ್ವತಃ ಪ್ರಧಾನಿ. ಅದು ಮುಗಿಯುವ ಮೊದಲೇ ಜೂನ್ 3ರ ಅವಧಿಪೂರ್ವ ಚುನಾವಣೆಯಲ್ಲಿ ಲೇಬರ್ 55 ಪ್ರತಿಶತ ಮತ ಪಡೆದು ಗೆದ್ದಿತು. 15 ತಿಂಗಳು, 477 ಸಾಕ್ಷಿಗಳು, ಸುಮಾರು 1,500 ಪುಟಗಳ ಬಳಿಕ 2018ರ ಜುಲೈ 22ರಂದು ತೀರ್ಮಾನ ಹೊರಬಂತು: ಎಗ್ರಾಂಟ್‌ಗೂ ಪ್ರಧಾನಿ ಕುಟುಂಬಕ್ಕೂ ನಂಟು ತೋರಿಸುವ ಪುರಾವೆಯಿಲ್ಲ, ಘೋಷಣಾ ಪತ್ರಗಳ ಮೇಲಿನ ಸಹಿ ನಕಲಿ, ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ಹೊಂದುವುದಿಲ್ಲ. ಮೂಲ ಕಾಗದ ಯಾರ ಕೈಗೂ ಸಿಗಲಿಲ್ಲ. ಡ್ಯಾಫ್ನಿ ಆಗ ಬದುಕಿರಲಿಲ್ಲ, ಉತ್ತರ ಕೊಡುವಂತಿರಲಿಲ್ಲ. ಎಗ್ರಾಂಟ್ ತನ್ನದೇ ಎಂದು, ಪನಾಮಾಕ್ಕೆ ಪತ್ರ ಬರೆದ ಆ ಸಂಸ್ಥೆಯ ಲೆಕ್ಕಪರಿಶೋಧಕರೊಬ್ಬರು ಹೇಳಿದ್ದರು. ಸ್ವಂತ ಹೆಸರು ತಿಳಿಸಲು ಸ್ಕೈಪ್ ಏಕೆ ಬೇಕಾಯಿತು ಎಂಬುದು ಬೇರೆ ಮಾತು.

2016ರಲ್ಲಿ ಫಲ ಕೊಟ್ಟ ದಾರಿಯೇ 2017ರಲ್ಲಿ ಕೈಕೊಟ್ಟಿತು ಎನ್ನಬಹುದು. ಮೊದಲು ಹೇಳಿಕೆ, ಆಮೇಲೆ ಕಂತು ಕಂತಾಗಿ ದಾಖಲೆ ಎಂಬುದು ಅವರ ರೀತಿ. ಮೊದಲ ಸಲ ಎದುರಿನವರೇ ಒಪ್ಪಿಕೊಂಡರು. ಎರಡನೇ ಸಲ ನಿರಾಕರಿಸಿದರು, ಆಗ ಓದುಗರ ಮುಂದಿಡಲು ಕಾಗದವಿರಲಿಲ್ಲ.

17 ಬ್ಲ್ಯಾಕ್ ಮಾತ್ರ ಉಲ್ಟಾ ಹಾದಿಯಲ್ಲಿ ಸಾಗಿತು. 2018ರ ಏಪ್ರಿಲ್‌ನಲ್ಲಿ 18 ಮಾಧ್ಯಮ ಸಂಸ್ಥೆಗಳು ಕೂಡಿ ನಡೆಸಿದ ‘ಡ್ಯಾಫ್ನಿ ಪ್ರಾಜೆಕ್ಟ್’ 2015ರ ಇಮೇಲೊಂದನ್ನು ಹೊರಗಿಟ್ಟಿತು. ಹರ್ನ್‌ವಿಲ್, ಟಿಲ್‌ಗೇಟ್‌ಗೆ 17 ಬ್ಲ್ಯಾಕ್ ಸೇರಿ ಎರಡು ದುಬೈ ಕಂಪನಿಗಳಿಂದ 20 ಲಕ್ಷ ಡಾಲರ್‌ವರೆಗೆ ಬರುವ ನಿರೀಕ್ಷೆಯಿದೆ ಎಂದು ಅದರಲ್ಲಿತ್ತು. 2018ರ ನವೆಂಬರ್‌ನಲ್ಲಿ 17 ಬ್ಲ್ಯಾಕ್ ಮಾಲೀಕರ ಹೆಸರೂ ಬಂತು: ದೇಶದ ಹೊಸ ಅನಿಲ ವಿದ್ಯುತ್ ಸ್ಥಾವರ ಕಟ್ಟಿದ ಕೂಟದ ನಿರ್ದೇಶಕರೊಬ್ಬರು. ತಪ್ಪು ನಡೆದಿಲ್ಲವೆಂದು ಸಂಬಂಧಪಟ್ಟವರೆಲ್ಲ ಹೇಳಿದ್ದಾರೆ. ಪಿಲಾಟಸ್‌ನ ಪರವಾನಗಿಯನ್ನು ಯುರೋಪಿಯನ್ ಕೇಂದ್ರ ಬ್ಯಾಂಕ್ ಅದೇ ತಿಂಗಳು ಹಿಂತೆಗೆದುಕೊಂಡಿತು.

2017ರ ಅಕ್ಟೋಬರ್ 16ರ ಮಧ್ಯಾಹ್ನ ಬಿಡ್ನಿಯಾದ ಮನೆಯ ಹತ್ತಿರ ಕಾರ್ ಬಾಂಬಿಗೆ ಡ್ಯಾಫ್ನಿ ಬಲಿಯಾದರು. ಬಾಂಬ್ ಇಟ್ಟವರಿಗೂ ಒದಗಿಸಿದವರಿಗೂ ಶಿಕ್ಷೆಯಾಗಿದೆ. ಈ ಕೊಲೆ ಪ್ರಕರಣದಲ್ಲಿ 2019ರಲ್ಲಿ ನಡೆದ ಬಂಧನಗಳ ಬಿಸಿಗೆ ಪ್ರಧಾನಿ ಮಸ್ಕಟ್ ಹುದ್ದೆ ಬಿಟ್ಟರು. ಕೊಲೆಯ ಕುರಿತ 2021ರ ಸಾರ್ವಜನಿಕ ವಿಚಾರಣಾ ವರದಿ, ಏನು ಮಾಡಿದರೂ ನಡೆಯುತ್ತದೆಂಬ ವಾತಾವರಣಕ್ಕೆ ಸರ್ಕಾರವೇ ಹೊಣೆ ಎಂದಿತು.

ಸಾಯುವಾಗ ಡ್ಯಾಫ್ನಿ ಮೇಲಿದ್ದ ಮಾನನಷ್ಟ ಪ್ರಕರಣಗಳು 47: ಸಿವಿಲ್ 42, ಕ್ರಿಮಿನಲ್ 5. ಒಂದು ದಾವೆಗೆ ಪರಿಹಾರದ ಮಿತಿ ಸುಮಾರು 11,600 ಯೂರೋ. ಆದ್ದರಿಂದ ದೊಡ್ಡ ಮೊತ್ತದ ಒಂದು ದಾವೆಗಿಂತ ಹಲವು ಸಣ್ಣ ದಾವೆ ಹೂಡುವುದೇ ಉಪಾಯ. ಉದ್ಯಮಿಯೊಬ್ಬರು ಒಮ್ಮೆಗೇ 19 ಹೂಡಿದ್ದರು. ಪ್ರತಿಯೊಂದಕ್ಕೂ ಬೇರೆ ಶುಲ್ಕ, ಬೇರೆ ಲಿಖಿತ ಉತ್ತರ, ಬೇರೆ ಹಾಜರಾತಿ. 2017ರ ಫೆಬ್ರುವರಿಯಲ್ಲಿ ಸಚಿವರೊಬ್ಬರು ಮತ್ತು ಅವರ ಸಹಾಯಕರು ತೀರ್ಪಿಗೂ ಮುಂಚೆಯೇ ಸುಮಾರು 47 ಸಾವಿರ ಯೂರೋಗೆ ಡ್ಯಾಫ್ನಿಯ ಬ್ಯಾಂಕ್ ಖಾತೆಗಳನ್ನು ತಡೆಹಿಡಿಸಿದ್ದರು. ಓದುಗರ ದೇಣಿಗೆ ದಿನವೊಂದೆರಡರಲ್ಲೇ ಅಷ್ಟನ್ನು ಮೀರಿತು. ಅವರು ಸತ್ತ ಮೇಲೂ ಸಿವಿಲ್ ದಾವೆಗಳು ಸಾಯಲಿಲ್ಲ, ವಾರಸುದಾರರ ಹೆಗಲಿಗೇರಿದವು.

2018ರಲ್ಲಿ ಮಾಲ್ಟಾ ಕ್ರಿಮಿನಲ್ ಮಾನನಷ್ಟವನ್ನೂ, ಇಂಥ ದಾವೆಗಳಲ್ಲಿ ಖಾತೆ ತಡೆಹಿಡಿಯುವುದನ್ನೂ ರದ್ದು ಮಾಡಿತು. 2024ರಲ್ಲಿ ಯುರೋಪಿಯನ್ ಒಕ್ಕೂಟ, ಬಾಯಿ ಮುಚ್ಚಿಸಲು ಹೂಡುವ ದಾವೆಗಳ ವಿರುದ್ಧ ನಿರ್ದೇಶನ ತಂದಿತು. ‘ಡ್ಯಾಫ್ನಿ ಕಾನೂನು’ ಎಂದೇ ಅದಕ್ಕೆ ಹೆಸರು. ಅದು ಅನ್ವಯಿಸುವುದು ಗಡಿಯಾಚೆಯ ನಂಟಿರುವ ಸಿವಿಲ್ ಪ್ರಕರಣಗಳಿಗೆ. ಪಿಲಾಟಸ್ ಬ್ಯಾಂಕ್ ಡ್ಯಾಫ್ನಿ ಮೇಲೆ ಅಮೆರಿಕದ ಅರಿಜೋನಾದಲ್ಲಿ 4 ಕೋಟಿ ಡಾಲರಿಗೆ ಹೂಡಿದ್ದಂಥ ದಾವೆಗೆ ಅದರಲ್ಲಿ ಉತ್ತರವಿದೆ. ಮಾಲ್ಟಾದವರೇ ಮಾಲ್ಟಾದವರ ಮೇಲೆ ರಾಜಧಾನಿ ವಾಲೆಟ್ಟಾದ ನ್ಯಾಯಾಲಯದಲ್ಲಿ, ಊರೊಳಗಿನ ವಿಷಯಕ್ಕೇ ಹೂಡುವ ದಾವೆಗೆ ಇಲ್ಲ. ಆ 47ರಲ್ಲಿ ಹೆಚ್ಚಿನವು ಅಲ್ಲಿನವರೇ ಹೂಡಿದವು.