ಅವರೆ ಹಿತಕಿದರೆ ಗುಂಡಿ ಹಾಕಲು ಬರುತ್ತದೆಯೇ?

ಹೋದ ಡಿಸೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಬೋಗುಣಿ ಸುತ್ತ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ಅಕ್ಕನ ಮಗನಿಗೆ ಎಂಟು ವರ್ಷ. ಅವನು ಒತ್ತಿದ ಕಾಳು ಒಂದೋ ಅಪ್ಪಚ್ಚಿ, ಇಲ್ಲವೇ ಸೋಫಾ ಕೆಳಗೆ. "ಬಿಡು ಪುಟ್ಟ, ನಿನ್ನ ಕೈಲಿ ಆಗಲ್ಲ" ಎಂದರು ಅವನ ಅಜ್ಜಿ. ಎದ್ದು ಹೋದ.

ಶರ್ಟಿನ ಗುಂಡಿ, ಶೂ ಲೇಸು, ಒತ್ತಕ್ಷರ, ಎಲ್ಲದರಲ್ಲೂ ಇದೇ ಪಾಡು. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ಮೆಟ್ರೋ ಸ್ಟೇಷನ್‌ಗಳನ್ನು ಮಾತ್ರ ಒಂದೂ ಬಿಡದೆ ಹೇಳುತ್ತಾನೆ. ಸೋಮಾರಿಯಲ್ಲ, ದಡ್ಡನೂ ಅಲ್ಲ. ಕೈಕಾಲುಗಳನ್ನು ಹೊಂದಿಸಿಕೊಂಡು ಮಾಡುವ ಕೆಲಸ ಕಲಿಯುವುದೇ ಕಷ್ಟವಾಗುವ ಈ ತೊಂದರೆಗೆ ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ ಎನ್ನುತ್ತಾರೆ. ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ ಸುಮಾರು 5-6 ಮಂದಿಗೆ ಇದೆ. ಅಂದರೆ ಹೆಚ್ಚುಕಡಿಮೆ ಪ್ರತಿ ಕ್ಲಾಸಿನಲ್ಲೂ ಒಬ್ಬರೋ ಇಬ್ಬರೋ.

ತುಂಬಿದೆ ಎಂದುಕೊಂಡು ಖಾಲಿ ಚೊಂಬು ಎತ್ತಿದ್ದೀರಾ? ಕೈ ಸುಮ್ನೆ ಮೇಲೆ ಹಾರುತ್ತದೆ, ಅಲ್ವಾ? ಎತ್ತುವ ಮೊದಲೇ ಮಿದುಳು ತೂಕ ಅಂದಾಜು ಮಾಡಿರುತ್ತದೆ. ನಮ್ಮ ಪ್ರತಿ ಚಲನೆಯ ಹಿಂದೆಯೂ ಇಂಥ ಅಂದಾಜಿದೆ. ತಪ್ಪಿದರೆ ಮಿದುಳು ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಡಿಸಿಡಿ ಇರುವ ಮಕ್ಕಳಲ್ಲಿ ಈ ಅಂದಾಜು, ತಿದ್ದುಪಡಿ ಎರಡೂ ಸಡಿಲ ಎನ್ನುವುದು ಇವತ್ತು ಬಲವಾಗಿರುವ ವಿವರಣೆ. ನಮಗೆ ಗಮನವಿಲ್ಲದೆ ಆಗುವ ಕೆಲಸಕ್ಕೂ ಅವರು ಪೂರ್ತಿ ಗಮನ ಕೊಡಬೇಕು. ಸಂಜೆಗೆ ಸುಸ್ತಾಗದೆ ಇನ್ನೇನು!

ಹಾಗಾದರೆ ಬೆರಳಿಗೆ ಬಲ ಬರಲಿ ಎಂದು ದಿನಾ ಅವರೆ ಹಿತಕಿಸೋಣವೇ? ನನಗೂ ಹಾಗೇ ಅನಿಸಿತ್ತು. ಆದರೆ ಅವರೆ ಹಿತಕಿದರೆ ಮುಖ್ಯವಾಗಿ ಅವರೆ ಹಿತಕಲು ಬರುತ್ತದೆ, ಅಷ್ಟೇ. ಮಗುವಿಗೆ ಯಾವ ಕೆಲಸ ಬೇಕೋ ಅದನ್ನೇ ನೇರವಾಗಿ ಕಲಿಸಿ ಎನ್ನುತ್ತದೆ ಡಿಸಿಡಿ ಕುರಿತ 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ.

ಕೆನಡಾದಲ್ಲಿ ರೂಪುಗೊಂಡ ಒಂದು ವಿಧಾನ ನನಗೆ ಜಾಸ್ತಿ ಹಿಡಿಸಿತು. ಗುರಿ, ಪ್ಲಾನ್, ಮಾಡು, ನೋಡು: ನಾಲ್ಕೇ ಮಾತು. ಗುರಿಯನ್ನು ಮಗುವೇ ಆರಿಸಬೇಕು. ಪ್ಲಾನೂ ಅದರದೇ. ದೊಡ್ಡವರ ಕೆಲಸ ಪ್ರಶ್ನೆ ಕೇಳುವುದು. ಇದು ತುಂಬ ಕಷ್ಟ, ಬಾಯಿ ಸುಮ್ಮನಿರಲ್ಲ!

ನಮ್ಮವನು ಗುಂಡಿಯನ್ನು ಆರಿಸಿಕೊಂಡ. "ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?" ಎಂದು ಥೆರಪಿಸ್ಟ್ ಕೇಳಿದರು. ನೋಡಿದ, ಯೋಚಿಸಿದ. ಕತ್ತಿನ ಹತ್ತಿರದ ಗುಂಡಿ ಕಣ್ಣಿಗೇ ಕಾಣುತ್ತಿರಲಿಲ್ಲ. ಕೆಳಗಿನಿಂದ ಶುರುಮಾಡುತ್ತೇನೆ ಎಂದ. ಗುಂಡಿ ತೂತಿನಿಂದ ಅರ್ಧ ಇಣುಕುವಷ್ಟರಲ್ಲಿ ಎರಡೂ ಕೈ ಬಿಟ್ಟುಬಿಡುತ್ತಿದ್ದ. ಅದನ್ನೂ ತಾನೇ ಕಂಡುಕೊಂಡ. "ಈ ಕೈ ತಳ್ಳಬೇಕು, ಆ ಕೈ ಎಳೀಬೇಕು" ಎಂದು ಗೊಣಗುತ್ತಲೇ ತಾತನ ಹಳೇ ಶರ್ಟಿನ ಮೇಲೆ ಮೂರು ವಾರ ಅಭ್ಯಾಸ ನಡೆಯಿತು.

ಐದು ವರ್ಷದ ಒಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಡಿಸಿಡಿ ಎಂದು ಹೆಸರಿಡುವುದಿಲ್ಲ. ಮೊದಲು ಕಣ್ಣು, ನರ, ಸ್ನಾಯುಗಳ ತೊಂದರೆ ಇಲ್ಲವೆಂದು ವೈದ್ಯರು ನೋಡಬೇಕು. ಬರುತ್ತಿದ್ದ ಕೆಲಸವೇ ಮರೆತುಹೋಗುತ್ತಿದ್ದರೆ ತಡಮಾಡಬೇಡಿ, ಅದು ಬೇರೆಯದೇ ವಿಷಯ.

ಈ ಡಿಸೆಂಬರ್‌ನಲ್ಲಿ ಅವರೆ ಬಂದಾಗ ಅವನೇ ಒಳಗೆ ಹೋಗಿ ಆಳದ ಪಾತ್ರೆ ತಂದ. ಕೈ ಒಳಗಿಟ್ಟು ಹಿತಕಿದ. ಕಾಳು ಈಗಲೂ ಹಾರುತ್ತದೆ, ಆದರೆ ಪಾತ್ರೆಯೊಳಗೇ.